ಶಂಟ್ ಸರಿಯಿದೆ, ಅಂಕಿ ಯಾಕೆ ತಪ್ಪು?

ಕರೆಂಟ್ ಅಳೆಯುವ ಇವ್ಯಾಲ್ಯುಯೇಷನ್ ಬೋರ್ಡ್ ತಪ್ಪು ಅಂಕಿ ತೋರಿಸಿದರೆ ಎಲ್ಲರ ಕಣ್ಣೂ ಮೊದಲು ಹೋಗುವುದು ಶಂಟ್ ರೆಸಿಸ್ಟರಿನ ಮೇಲೆ, ಅಂದರೆ ಕರೆಂಟ್ ಹಾಯುವ ದಾರಿಯಲ್ಲಿಟ್ಟ ಪುಟ್ಟ ರೆಸಿಸ್ಟರಿನ ಮೇಲೆ. ತಪ್ಪು ಹೆಚ್ಚಾಗಿ ಇರುವುದು ಚಿಪ್ಪಿನ ಇನ್ನೊಂದು ಬದಿಯಲ್ಲಿ, ಅಂದರೆ ಐ2ಸಿ ತಂತಿ (ಚಿಪ್ಪೂ ಕಂಟ್ರೋಲರೂ ಮಾತಾಡುವ ಎಸ್‌ಡಿಎ, ಎಸ್‌ಸಿಎಲ್ ಎಂಬ ಎರಡು ತಂತಿಗಳ ಬಸ್) ಮತ್ತು ರಿಜಿಸ್ಟರ್‌ಗಳಲ್ಲಿ (ಚಿಪ್ಪಿನೊಳಗೆ ಸಂಖ್ಯೆ ಇಡುವ ಜಾಗಗಳು). ಶಂಟ್ ಮೇಲಿನ ವೋಲ್ಟೇಜ್ ಅಳೆದು ಕರೆಂಟ್ ಹೇಳುವ, ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಐಎನ್‌ಎ226 ಚಿಪ್ಪನ್ನೇ ತೆಗೆದುಕೊಳ್ಳೋಣ.

ಮೊದಲು ವಿದ್ಯುತ್ ಪೂರೈಕೆ. ಚಿಪ್ಪಿಗೆ 5 ವೋಲ್ಟ್ ಕೊಟ್ಟು, ಇಎಸ್‌ಪಿ32ನಂಥ 3.3 ವೋಲ್ಟಿನ ಕಂಟ್ರೋಲರ್ ಜೋಡಿಸುವವರು ಬಹಳ. ಈ ಚಿಪ್ ತನ್ನ ಪೂರೈಕೆಯ ಶೇ. 70ರಷ್ಟು ವೋಲ್ಟೇಜ್ ಬಂದರೆ ಮಾತ್ರ ಅದನ್ನು ಖಚಿತವಾಗಿ ‘1’ ಎಂದು ಒಪ್ಪುತ್ತದೆ. 5 ವೋಲ್ಟಿಗೆ ಅದು 3.5 ಆಯಿತು, 3.3 ಸಾಲದು. ಪುಲ್-ಅಪ್‌ಗಳು (ತಂತಿಯನ್ನು ಮೇಲಿನ ವೋಲ್ಟೇಜಿಗೆ ಎಳೆದಿಡುವ ರೆಸಿಸ್ಟರ್‌ಗಳು) 5 ವೋಲ್ಟಿಗೇ ಹೋಗಿದ್ದರೆ ಬಸ್ ಓಡುತ್ತದೆ, ಪೆಟ್ಟು ಬೀಳುವುದು ಕಂಟ್ರೋಲರಿನ ಪಿನ್ನಿಗೆ. ಚಿಪ್ಪಿಗೂ 3.3 ಕೊಟ್ಟುಬಿಡಿ, ಅಳೆಯಬಹುದಾದ ಬಸ್ ವೋಲ್ಟೇಜಿನ (ಇದು ಲೋಡಿನ ಲೈನಿನದು, ಐ2ಸಿ ಬಸ್ಸಿನದಲ್ಲ) 36 ವೋಲ್ಟ್ ಮಿತಿ ಅದರಿಂದ ಕಡಿಮೆಯಾಗುವುದಿಲ್ಲ.

ಪುಲ್-ಅಪ್ ಲೆಕ್ಕ ಸುಲಭ. ಸಿಗ್ನಲ್ ಏರುವ ಸಮಯವೆಂದರೆ ಸುಮಾರು 0.85 ಗುಣಿಸು ರೆಸಿಸ್ಟರ್ ಗುಣಿಸು ತಂತಿಯ ಕೆಪಾಸಿಟೆನ್ಸ್. 10 ಕಿಲೋಓಮ್ ಮತ್ತು 100 ಪಿಕೋಫ್ಯಾರಡ್ ಇದ್ದರೆ 850 ನ್ಯಾನೋಸೆಕೆಂಡ್ ಹತ್ತಿರ. 100 ಕಿಲೋಹರ್ಟ್ಸ್ ವೇಗಕ್ಕೆ ಮಿತಿ 1000, ಆದ್ದರಿಂದ ನಡೆಯುತ್ತದೆ. 400ಕ್ಕೆ ಮಿತಿ 300, ನಡೆಯುವುದಿಲ್ಲ. ಇಲ್ಲಿ 2.2 ಕಿಲೋಓಮ್ ಹಾಕಿ. ಆದರೆ ಅಂಥ ಐದು ಬೋರ್ಡ್‌ಗಳನ್ನು ಒಂದೇ ಬಸ್ಸಿಗೆ ಕಟ್ಟಿದರೆ ಎಲ್ಲ ಪುಲ್-ಅಪ್‌ಗಳೂ ಪ್ಯಾರಲಲ್ ಆಗಿ 440 ಓಮ್‌ಗೆ ಇಳಿಯುತ್ತವೆ. ಆಗ ಲೈನನ್ನು ಕೆಳಗೆಳೆಯಲು 6 ಮಿಲಿಆಂಪಿಯರ್‌ಗಿಂತ ಹೆಚ್ಚು ಬೇಕು, ಐ2ಸಿ ನಿಯಮ ಖಾತ್ರಿ ಕೊಡುವುದು 3ಕ್ಕೆ. ಒಂದು ಬೋರ್ಡಿನದನ್ನು ಬಿಟ್ಟು ಉಳಿದವುಗಳ ಪುಲ್-ಅಪ್ ಕಿತ್ತುಹಾಕಿ.

ವಿಳಾಸ ಗೊತ್ತುಮಾಡುವುದು ಎ0, ಎ1 ಪಿನ್‌ಗಳು. ಪ್ರತಿಯೊಂದನ್ನೂ ಗ್ರೌಂಡ್, ಪೂರೈಕೆ, ಎಸ್‌ಡಿಎ, ಎಸ್‌ಸಿಎಲ್ ಈ ನಾಲ್ಕರಲ್ಲಿ ಒಂದಕ್ಕೆ ಕಟ್ಟಬೇಕು. ಹೆಕ್ಸ್ (16ರ ಆಧಾರದ ಎಣಿಕೆ) 40ರಿಂದ ಒಟ್ಟು 16 ವಿಳಾಸ. ಜಂಪರ್ ತೆಗೆದು ಪಿನ್ನನ್ನು ಗಾಳಿಯಲ್ಲಿ ಬಿಟ್ಟರೆ ಇಂದೊಂದು ವಿಳಾಸ, ನಾಳೆಯೊಂದು. ಸರ್ವೋ ಓಡಿಸುವ ಪಿಸಿಎ9685 ಚಿಪ್ ಕೂಡ 40ರಲ್ಲೇ ಕೂತಿರುತ್ತದೆ, ಎರಡೂ ಒಂದೇ ಬಸ್ಸಿನಲ್ಲಿದ್ದರೆ ಡಿಕ್ಕಿ. ಎಸ್‌ಟಿಎಂ32 ಕಂಟ್ರೋಲರಿನ ಎಚ್‌ಎಎಲ್ ಲೈಬ್ರರಿಗೆ ವಿಳಾಸವನ್ನು ಒಂದು ಬಿಟ್ ಎಡಕ್ಕೆ ಸರಿಸಿ ಹೆಕ್ಸ್ 80 ಎಂದು ಕೊಡಬೇಕು, ‘ಚಿಪ್ ಸತ್ತಿದೆ’ ಎಂಬ ದೂರುಗಳಲ್ಲಿ ಹಲವಕ್ಕೆ ಇಷ್ಟೇ ಮದ್ದು.

ಚಿಪ್ ಮಾತಾಡುತ್ತಿದೆಯೇ ಎಂದು ನೋಡಲು ಕರೆಂಟ್ ಓದಬೇಡಿ. ಹೆಕ್ಸ್ ಎಫ್‌ಇ ರಿಜಿಸ್ಟರ್ ಓದಿ, ಹೆಕ್ಸ್ 5449 ಬರಬೇಕು. 4954 ಬಂದರೆ ತಂತಿ ಚೆನ್ನಾಗಿದೆ, ನಿಮ್ಮ ಕೋಡ್ ಬೈಟುಗಳನ್ನು ಅದಲುಬದಲು ಮಾಡಿದೆ. ಚಿಪ್ ದೊಡ್ಡ ಬೈಟನ್ನೇ ಮೊದಲು ಕಳಿಸುತ್ತದೆ. ಶಂಟ್ ರಿಜಿಸ್ಟರನ್ನು ಸೈನ್ ಇರುವ 16 ಬಿಟ್ ಸಂಖ್ಯೆಯಾಗಿಯೇ ಇಟ್ಟುಕೊಳ್ಳಿ. ಇಲ್ಲದಿದ್ದರೆ ಲೋಡ್ ಇಲ್ಲದಾಗ ಬರುವ ‘−1’ ಕೂಡ 65535 ಆಗಿ ಹೆದರಿಸುತ್ತದೆ.

ಹೆಚ್ಚು ಜನ ಎಡವುವುದು ಕ್ಯಾಲಿಬ್ರೇಷನ್ ರಿಜಿಸ್ಟರಿನಲ್ಲಿ. ಹೆಸರು ಕೇಳಿದರೆ ನಿಖರತೆ ಹೆಚ್ಚಿಸುವ ವಸ್ತು ಅನಿಸುತ್ತದೆ, ಆದರೆ ಅದು ಬರೀ ಗುಣಕ. ಸೂತ್ರ: 0.00512ನ್ನು ಕರೆಂಟಿನ ಒಂದು ಹೆಜ್ಜೆ (ರಿಜಿಸ್ಟರಿನ ಒಂದು ಎಣಿಕೆಗೆ ಎಷ್ಟು ಆಂಪಿಯರ್) ಮತ್ತು ಓಮ್‌ನಲ್ಲಿ ಶಂಟ್ ಇವುಗಳ ಗುಣಲಬ್ಧದಿಂದ ಭಾಗಿಸಿ. 10 ಮಿಲಿಓಮ್ ಶಂಟ್, 0.25 ಮಿಲಿಆಂಪಿಯರ್ ಹೆಜ್ಜೆಗೆ ಉತ್ತರ 2048. ಆಗ ಕರೆಂಟ್ ರಿಜಿಸ್ಟರೂ ಶಂಟ್ ರಿಜಿಸ್ಟರೂ ಒಂದೇ ಸಂಖ್ಯೆ ತೋರಿಸಬೇಕು, ಒಳ್ಳೆಯ ಪರೀಕ್ಷೆ ಇದು. ಬೋರ್ಡಿನ ವಿದ್ಯುತ್ ಒಂದು ಕ್ಷಣ ಹೋಗಿ ಬಂದರೆ ಈ ರಿಜಿಸ್ಟರ್ ಸೊನ್ನೆಯಾಗುತ್ತದೆ, ಕರೆಂಟೂ ಪವರೂ ಸೊನ್ನೆ. ಕಂಟ್ರೋಲರ್ ಮಾತ್ರ ಏನೂ ಆಗದಂತೆ ಓದುತ್ತಲೇ ಇರುತ್ತದೆ. ಹಾಗಾಗಿ ಶಂಟ್ ರಿಜಿಸ್ಟರನ್ನೇ ಓದಿ, ಒಂದು ಎಣಿಕೆಗೆ 2.5 ಮೈಕ್ರೋವೋಲ್ಟ್‌ನಂತೆ ಗುಣಿಸಿ, ಭಾಗಾಕಾರವನ್ನು ಕಂಟ್ರೋಲರಿನಲ್ಲೇ ಮಾಡುವುದು ಲೇಸು. ಶಂಟ್ ಮೇಲೆ ‘ಆರ್100’ ಎಂದಿದ್ದರೆ ಅದು 0.1 ಓಮ್, ಮಿತಿ 81.92 ಮಿಲಿವೋಲ್ಟ್. 0.82 ಆಂಪಿಯರ್ ದಾಟಿದರೆ ಅಂಕಿ ಅಲ್ಲೇ ನಿಲ್ಲುತ್ತದೆ.

ಸರಾಸರಿಗೂ ಬೆಲೆಯಿದೆ. ಕಾನ್ಫಿಗರೇಷನ್‌ನಲ್ಲಿ ಹೆಕ್ಸ್ 4527 ಬರೆದರೆ 16 ಸ್ಯಾಂಪಲ್‌ಗಳ ಸರಾಸರಿ. ಶಂಟಿಗೆ 1.1, ಬಸ್ಸಿಗೆ 1.1 ಮಿಲಿಸೆಕೆಂಡ್, ಒಟ್ಟು 35.2 ಮಿಲಿಸೆಕೆಂಡಿಗೊಮ್ಮೆ ಹೊಸ ಅಂಕಿ. ಅದಕ್ಕಿಂತ ಬೇಗ ಓದಿದರೆ ಸಿಗುವುದು ಹಳೆಯದೇ.

ಕರೆಂಟ್ ಮಿತಿ ಮೀರಿದರೆ ಎಚ್ಚರಿಸುವ ಅಲರ್ಟ್ ಪಿನ್ ಓಪನ್-ಡ್ರೇನ್ (ಲೈನನ್ನು ಕೆಳಗೆಳೆಯಬಲ್ಲದು, ಮೇಲೆತ್ತಲಾರದು), ಅದಕ್ಕೂ ಪುಲ್-ಅಪ್ ಬೇಕು. 10 ಮಿಲಿಓಮ್‌ನಲ್ಲಿ 5 ಆಂಪಿಯರ್ ಮಿತಿಗೆ 50 ಮಿಲಿವೋಲ್ಟ್, ಅಂದರೆ ಮಿತಿ ಇಡುವ 7ನೇ ರಿಜಿಸ್ಟರಿಗೆ 20000, ಯಾವ ಎಚ್ಚರಿಕೆ ಎಂದು ಆರಿಸುವ 6ಕ್ಕೆ ಹೆಕ್ಸ್ 8001. ಕೊನೆಯ ಆ 1 ಲ್ಯಾಚ್ ಬಿಟ್: ಒಮ್ಮೆ ಕೆಳಗಿಳಿದ ಪಿನ್, 6ನೇ ರಿಜಿಸ್ಟರ್ ಓದುವವರೆಗೆ ಮೇಲೇಳುವುದಿಲ್ಲ. ಇಂಟರಪ್ಟ್ ಅನ್ನು ಇಳಿಯುವ ಅಂಚಿಗೆ ಹೊಂದಿಸಿ ಆ ಓದನ್ನು ಮರೆತರೆ ಎರಡನೇ ಓವರ್‌ಲೋಡ್ ಸದ್ದಿಲ್ಲದೆ ದಾಟಿಹೋಗುತ್ತದೆ. ಶಾರ್ಟ್ ಸರ್ಕ್ಯೂಟಿನಿಂದ ಕಾಪಾಡಲು ಈ ಪಿನ್ನನ್ನು ನಂಬಬೇಡಿ. ಅತಿ ಚಿಕ್ಕ ಕನ್ವರ್ಷನ್ನಿಗೇ 140 ಮೈಕ್ರೋಸೆಕೆಂಡ್ ಬೇಕು, ಅಷ್ಟರಲ್ಲಿ ಲೋಡಿನ ಸ್ವಿಚ್ ಆದ ಮಾಸ್‌ಫೆಟ್ ಸುಟ್ಟಿರಬಹುದು. ಆ ಕೆಲಸಕ್ಕೆ ವೇಗದ ಕಂಪ್ಯಾರೇಟರ್ ಬೇರೆಯೇ ಇರಲಿ.