ಬಂದ ರೊಕ್ಕವೆಲ್ಲ ವ್ಯಾಪಾರವಲ್ಲ: ಕಿರಾಣಿ ಅಂಗಡಿಯ ರೋಕಡಿಯಿಂದ ತೆರಿಗೆವರೆಗೆ

2025ರ ಜುಲೈ ತಿಂಗಳು. ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಡುತ್ತಿದೆ ಎಂಬ ಸುದ್ದಿ ಕಲಬುರಗಿಗೂ ಬಂತು. ನಮ್ಮ ಕಾಕಾ ಇಲ್ಲೇ ಒಂದು ಕಿರಾಣಿ ಅಂಗಡಿ ನಡೆಸುತ್ತಾರೆ. ಅವರಿಗೆ ನೋಟಿಸ್ ಬಂದಿರಲಿಲ್ಲ. ಆದರೂ ಮರುದಿನವೇ ಕ್ಯೂಆರ್ ಹಲಗೆ ಕಿತ್ತು ಗಲ್ಲಾದ ಕೆಳಗಿಟ್ಟರು. ನಾನು ಬಿ.ಕಾಂ. ಓದುತ್ತಿದ್ದೇನಲ್ಲ, ಬ್ಯಾಂಕ್ ಸ್ಟೇಟ್‌ಮೆಂಟ್ ತಂದು ನನ್ನ ಮುಂದೆ ಹಾಕಿದರು.

ಜಮೆಯ ಕಾಲಂ ಕೂಡಿಸಿದೆವು. ವರ್ಷಕ್ಕೆ 31 ಲಕ್ಷ. ಕಾಕಾನ ಮುಖ ಸಣ್ಣದಾಯಿತು. "ಇಷ್ಟು ವ್ಯಾಪಾರ ಎಲ್ಲಿ ಅದಪಾ ನಂದು? ಇದ್ರಾಗ ಭಿಶಿ ರೊಕ್ಕ ಅದ, ನಿನ್ನ ತಂಗಿ ಫೀಸಿಗೆ ಮಾಮಾ ಹಾಕಿದ್ದೂ ಅದ" ಅಂದರು.

ಭಿಶಿ ಅಂದರೆ ನಾಲ್ಕು ಜನ ಸೇರಿ ತಿಂಗಳಿಗಿಷ್ಟು ಅಂತ ಕೂಡಿಸಿ ಸರದಿಯಂತೆ ಎತ್ತುವ ಹಣ. ಅವರು ಹೇಳಿದ್ದು ಸರಿಯೇ. ಆದರೆ ಯಾವುದು ಭಿಶಿ, ಯಾವುದು ಬೆಲ್ಲ ಮಾರಿದ್ದು ಅಂತ ತೋರಿಸಲು ಒಂದು ಚೀಟಿಯೂ ಇರಲಿಲ್ಲ. ಆ ಸಂಜೆಯಿಂದ ನಾನು ಲೆಕ್ಕಶಾಸ್ತ್ರ ಓದುವ ರೀತಿಯೇ ಬದಲಾಯಿತು. ನಮ್ಮ ಹಾಗೇ ಓದುತ್ತಿರುವವರಿಗೆ ಅದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ತಲೆಗೆ ಹೋಗಬೇಕಾದದ್ದು ಇದು. ಕೈಗೆ ಬಂದ ಹಣ ಬೇರೆ, ಮಾರಾಟ ಬೇರೆ, ಲಾಭ ಬೇರೆ. ಬ್ಯಾಂಕು ತೋರಿಸುವುದು ಬಂದ ಹಣವನ್ನು. ಜಿಎಸ್‌ಟಿ ನೋಡುವುದು ಮಾರಾಟವನ್ನು, ಅಂದರೆ ವಹಿವಾಟನ್ನು. ಆದಾಯ ತೆರಿಗೆ ಬೀಳುವುದು ಲಾಭದ ಮೇಲೆ. ಈ ಮೂರನ್ನು ಕಲಸಿಕೊಂಡರೆ ಒಂದೋ ಸುಮ್ನೆ ಹೆದರುತ್ತೇವೆ, ಇಲ್ಲವೇ ಹೆದರಬೇಕಾದ ಕಡೆ ಆರಾಮಾಗಿ ಕೂರುತ್ತೇವೆ.

ಒಂದು ದಿನದ ರೋಕಡಿ

ರೋಕಡಿ ಅಂದರೆ ದಿನದ ನಗದು ಲೆಕ್ಕ. ಕಾಕಾನ ಅಂಗಡಿಯ ಒಂದು ದಿನವನ್ನು ಹಾಗೇ ಇಡುತ್ತೇನೆ. ಬೆಳಿಗ್ಗೆ ಗಲ್ಲಾದಲ್ಲಿದ್ದದ್ದು 2,350 ರೂಪಾಯಿ. ಇದು ಆರಂಭ ಶಿಲ್ಕು. ದಿನವಿಡೀ ನಗದು ಮಾರಾಟ 6,840. ಹಳೆಯ ಉದ್ರಿ ವಸೂಲಿ 1,200, ಅದೂ ನಗದು. ಒಟ್ಟು 10,390 ಆಯಿತು.

ಹೋದದ್ದು: ಬೇಳೆ ವ್ಯಾಪಾರಿಗೆ 5,000, ಹಮಾಲಿ 120, ಚಹಾ 60, ಮನೆಗೆ ಕಾಕು (ಕಾಕಾನ ಹೆಂಡತಿ) ತೆಗೆದುಕೊಂಡದ್ದು 800. ಇನ್ನೊಂದು 1,500 ಇದೆ, ಅದನ್ನು ಯಾರೂ ಬರೆಯುವುದಿಲ್ಲ. ಪಕ್ಕದ ಮನೆಯವರು ಬಂದು "ಫೋನ್‌ಪೇ ಮಾಡ್ತೀನ್ರಿ, ರೊಕ್ಕ ಕೊಡ್ರಿ" ಅಂದರು. ಅವರಿಗೆ ನಗದು ಕೊಟ್ಟದ್ದು. ಒಟ್ಟು ಹೋದದ್ದು 7,480. ಉಳಿಯಬೇಕಾದದ್ದು, ಅಂದರೆ ಅಖೈರು ಶಿಲ್ಕು, 2,910.

ಎಣಿಸಿದರೆ 2,860 ಇತ್ತು. ಐವತ್ತು ಕಡಿಮೆ. ಕಾಕಾ ಸ್ವಲ್ಪ ಹೊತ್ತು ಯೋಚಿಸಿ, ಮಗನಿಗೆ ಆಟೋಕ್ಕೆ ಕೊಟ್ಟದ್ದು ನೆನಪಿಸಿಕೊಂಡರು. ಅದೇ ದಿನ ಎಣಿಸಿದ್ದಕ್ಕೆ ನೆನಪಾಯಿತು. ತಿಂಗಳಾದ ಮೇಲೆ ಆ ಐವತ್ತು ಯಾರಿಗೂ ನೆನಪಿರುವುದಿಲ್ಲ. ರೋಕಡಿಯನ್ನು ರಾತ್ರಿ ಬಾಗಿಲು ಹಾಕುವ ಮೊದಲೇ ಮುಗಿಸಬೇಕು ಅಂತ ನಾನು ಹಟ ಹಿಡಿಯುವುದು ಇದಕ್ಕೇ.

ಈಗ ಅದೇ ದಿನದ ಯುಪಿಐ ನೋಡಿ. ಬಂದದ್ದು 7,910. ಅದರಲ್ಲಿ ಮಾರಾಟ 5,760, ಉದ್ರಿ ವಸೂಲಿ 650, ಪಕ್ಕದ ಮನೆಯವರದ್ದು 1,500. ಇದಲ್ಲದೆ ಆ ದಿನ 900 ರೂಪಾಯಿ ಸಾಮಾನು ಉದ್ರಿ ಹೋಯಿತು. ಅದು ಗಲ್ಲಾದಲ್ಲೂ ಇಲ್ಲ, ಫೋನಿನಲ್ಲೂ ಇಲ್ಲ.

ಹಾಗಾದರೆ ಆ ದಿನದ ಮಾರಾಟ ಎಷ್ಟು? 6,840, 5,760 ಮತ್ತು 900 ಕೂಡಿಸಿದರೆ 13,500. ಬಂದ ಹಣ ಎಷ್ಟು? ನಗದು 8,040, ಯುಪಿಐ 7,910, ಒಟ್ಟು 15,950. ಎರಡಕ್ಕೂ 2,450 ವ್ಯತ್ಯಾಸ. ಒಂದೇ ದಿನಕ್ಕೆ ಇಷ್ಟು. ಉದ್ರಿ ವಸೂಲಿಯನ್ನು ಇಂದಿನ ಮಾರಾಟಕ್ಕೆ ಸೇರಿಸಬೇಡಿ. ಸಾಮಾನು ಕೊಟ್ಟ ದಿನವೇ ಅದು ಮಾರಾಟವಾಗಿ ಲೆಕ್ಕಕ್ಕೆ ಬಂದಿದೆ. ಮತ್ತೆ ಸೇರಿಸಿದರೆ ಒಂದೇ ಸಕ್ಕರೆಯನ್ನು ಎರಡು ಸಲ ಮಾರಿದಂತೆ.

ಮನೆಗೆ ಹೋದ 800 ಅಂಗಡಿಯ ಖರ್ಚಲ್ಲ. ಅದು ಮಾಲೀಕರ ಹಿಂತೆಗೆತ. ಪರೀಕ್ಷೆಯಲ್ಲಿ ಇದನ್ನು ಎಲ್ಲರೂ ಸರಿ ಬರೆಯುತ್ತಾರೆ, ಅಂಗಡಿಯಲ್ಲಿ ಎಲ್ಲರೂ ತಪ್ಪುತ್ತಾರೆ. ಅಂಗಡಿಗೆ ಬೇರೆ ಬ್ಯಾಂಕ್ ಖಾತೆ, ಬೇರೆ ಕ್ಯೂಆರ್ ಮಾಡಿಸಿದರೆ ಭಿಶಿ, ಫೀಸು, ಮಾಮಾನ ರೊಕ್ಕ ಎಲ್ಲ ತಾವಾಗಿಯೇ ಬೇರೆಯಾಗುತ್ತವೆ. ಕಾಕಾನಿಂದ ನಾವು ಮೊದಲು ಮಾಡಿಸಿದ್ದು ಇದನ್ನೇ.

ಜಮಾ ಅಂದರೆ ಡೆಬಿಟ್ಟೋ ಕ್ರೆಡಿಟ್ಟೋ?

ನನ್ನನ್ನು ಇದು ಇಡೀ ಒಂದು ಸೆಮಿಸ್ಟರ್ ಕಾಡಿತು. ಹಳೆಯ ರೋಕಡಿ ಪುಸ್ತಕದಲ್ಲಿ ಎಡಗಡೆ ಜಮಾ, ಬಲಗಡೆ ಖರ್ಚು. ಬಂದ ಹಣ ಎಡಕ್ಕೆ. ಕಾಲೇಜಿನ ಪುಸ್ತಕದಲ್ಲೂ ನಗದು ಪುಸ್ತಕದ ಎಡಗಡೆಗೇ ಬಂದ ಹಣ, ಆದರೆ ಅದರ ಹೆಸರು ಡೆಬಿಟ್. ಬ್ಯಾಂಕಿನಲ್ಲಿ ಜಮಾ ಅಂದರೆ ಕ್ರೆಡಿಟ್. ಯಾವುದು ಸರಿ?

ಎಲ್ಲವೂ ಸರಿ. ಯಾರ ಖಾತೆಯ ಮಾತು ಅಂತ ಕೇಳಿಕೊಳ್ಳಬೇಕು, ಅಷ್ಟೇ. ಗಿರಾಕಿಯೊಬ್ಬರು ಹಳೆಯ ಉದ್ರಿ 1,200 ತಂದು ಕೊಟ್ಟರು. ಹಳೆಯ ಪದ್ಧತಿಯ ಅಂಗಡಿಕಾರರು "ಅವರ ಖಾತೆಗೆ ಜಮಾ" ಅಂತ ಬರೆಯುತ್ತಾರೆ. ಕೊಟ್ಟವರ ಖಾತೆ ಕ್ರೆಡಿಟ್ ಆಯಿತು. ಕಾಲೇಜಿನ ಪುಸ್ತಕ ಅದೇ ವ್ಯವಹಾರವನ್ನು ಗಲ್ಲಾದ ಕಡೆಯಿಂದ ನೋಡಿ "ನಗದು ಖಾತೆ ಡೆಬಿಟ್" ಅನ್ನುತ್ತದೆ. ಒಂದೇ ವ್ಯವಹಾರ, ಎರಡು ಮುಖ. ಬ್ಯಾಂಕ್ ಸ್ಟೇಟ್‌ಮೆಂಟೂ ಹಾಗೇ. ಅದು ಬ್ಯಾಂಕಿನ ಪುಸ್ತಕದಲ್ಲಿರುವ ನಮ್ಮ ಖಾತೆ. ನಾವು ಹಣ ಕಟ್ಟಿದರೆ ಬ್ಯಾಂಕು ನಮಗೆ ಕೊಡಬೇಕಾದದ್ದು ಜಾಸ್ತಿಯಾಗುತ್ತದೆ, ಆದ್ದರಿಂದ ಅಲ್ಲಿ ಕ್ರೆಡಿಟ್. ನಮ್ಮ ಪುಸ್ತಕದಲ್ಲಿ ಅದೇ ಬ್ಯಾಂಕ್ ಖಾತೆ ಡೆಬಿಟ್. ಲೆಕ್ಕ ಬರೆಯುವ ಸಾಫ್ಟ್‌ವೇರ್ ಟ್ಯಾಲಿಯಲ್ಲಿ ಎಂಟ್ರಿ ಹಾಕುವಾಗ ಈ ಒಂದು ಪ್ರಶ್ನೆ ಕೇಳಿಕೊಂಡರೆ ಸಾಕು, ಕೈ ತಪ್ಪುವುದಿಲ್ಲ.

ಜಿಎಸ್‌ಟಿ: ಹಲಗೆ ತೆಗೆದರೆ ವಹಿವಾಟು ಕಡಿಮೆಯಾಗುವುದಿಲ್ಲ

ನಮ್ಮ ರಾಜ್ಯದಲ್ಲಿ ಬರೀ ಸರಕು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ದಾಟಿದರೆ ನೋಂದಣಿ ಬೇಕು. ಸೇವೆ ಕೊಡುವವರಿಗೆ ಈ ಗೆರೆ 20 ಲಕ್ಷ.

ಕಾಕಾನ ಲೆಕ್ಕಕ್ಕೆ ಬರೋಣ. ಖಾತೆಗೆ ಬಂದ 31 ಲಕ್ಷದಲ್ಲಿ ಭಿಶಿ, ಕೈಗಡ, ಮನೆಯ ಹಣ ಎಲ್ಲ ತೆಗೆದರೆ ಮಾರಾಟ 25 ಲಕ್ಷ ಉಳಿಯಿತು. ಕಾಕಾ ನಿಟ್ಟುಸಿರು ಬಿಟ್ಟರು. ಆದರೆ ನಗದು ಮಾರಾಟ? ಖರೀದಿ ಬಿಲ್ಲುಗಳನ್ನೆಲ್ಲ ಜೋಡಿಸಿ ನೋಡಿದಾಗ ಅದು ಸುಮಾರು 17 ಲಕ್ಷ. ಒಟ್ಟು 42 ಲಕ್ಷ. ಗೆರೆ ದಾಟಿತ್ತು. ನಗದಾಗಲಿ, ಫೋನಾಗಲಿ, ಉದ್ರಿಯಾಗಲಿ, ಮಾರಿದ್ದೆಲ್ಲ ವಹಿವಾಟೇ. ಕ್ಯೂಆರ್ ಹಲಗೆ ಒಳಗಿಟ್ಟರೆ ಗಿರಾಕಿ ಬೇರೆ ಅಂಗಡಿಗೆ ಹೋಗುತ್ತಾರೆ, ಕಾನೂನಿನ ಲೆಕ್ಕ ಮಾತ್ರ ಅಲ್ಲೇ ಇರುತ್ತದೆ. ಹಲಗೆ ಅವತ್ತೇ ಮೊದಲಿನ ಜಾಗಕ್ಕೆ ಬಂತು.

ಇಲ್ಲಿ ಇನ್ನೊಂದು ತೊಡಕಿದೆ, ಹುಷಾರಾಗಿ ಓದಿ. ಬಿಡಿಯಾಗಿ ತೂಗಿ ಕೊಡುವ ಜೋಳ, ತೊಗರಿಬೇಳೆ, ಅಕ್ಕಿಗೆ ಜಿಎಸ್‌ಟಿ ಇಲ್ಲ. ಅದೇ ಬೇಳೆಯನ್ನು 25 ಕಿಲೋ ಒಳಗಿನ ಪ್ಯಾಕೆಟ್ ಮಾಡಿ ಲೇಬಲ್ ಹಚ್ಚಿದರೆ 2022ರ ಜುಲೈ 18ರಿಂದ ಶೇ 5 ತೆರಿಗೆ. ನಮ್ಮ ತೊಗರಿಬೇಳೆಗೆ 2019ರಲ್ಲಿ ಜಿಐ (ಇಂಥ ಊರಿನದ್ದೇ ಎಂದು ಹೇಳುವ ಭೌಗೋಳಿಕ ಸೂಚಿ) ಗುರುತು ಸಿಕ್ಕಿದೆ. ಅದರ ಹೆಸರಲ್ಲಿ ಪ್ಯಾಕೆಟ್ ಮಾಡಿ ಮಾರಲು ಹೊರಡುವ ಹುಡುಗರು ಈ ವ್ಯತ್ಯಾಸ ಮೊದಲೇ ತಿಳಿದಿರಬೇಕು.

ಬರೀ ತೆರಿಗೆ ಇಲ್ಲದ ಸಾಮಾನೇ ಮಾರುವವರಿಗೆ ನೋಂದಣಿಯೇ ಬೇಡ, ಎಷ್ಟು ಮಾರಿದರೂ. ಆದರೆ ಅದರ ಜೊತೆ ಎಣ್ಣೆ, ಸಕ್ಕರೆ, ಸಾಬೂನು ಮಾರಿದರೆ 40 ಲಕ್ಷದ ಗೆರೆಗೆ ಎರಡೂ ಸೇರಿಯೇ ಲೆಕ್ಕ. ತೆರಿಗೆ ಕಟ್ಟುವುದು ಮಾತ್ರ ತೆರಿಗೆ ಇರುವ ಸಾಮಾನಿನ ಮೇಲೆ. ಗೆರೆ ನೋಡಲು ಒಂದು ಮೊತ್ತ, ತೆರಿಗೆ ಕಟ್ಟಲು ಇನ್ನೊಂದು.

ಕಾಕಾ ರಾಜಿ ಪದ್ಧತಿಗೆ, ಎಲ್ಲರೂ ಕಾಂಪೋಸಿಷನ್ ಅನ್ನುತ್ತಾರಲ್ಲ ಅದಕ್ಕೆ, ಸೇರಿದರು. ವಹಿವಾಟು ಒಂದೂವರೆ ಕೋಟಿವರೆಗೆ ಇದಕ್ಕೆ ಅವಕಾಶವಿದೆ. ಸರಕು ವ್ಯಾಪಾರಿಗೆ ತೆರಿಗೆ ಇರುವ ಮಾರಾಟದ ಶೇ 1. ಕಾಕಾನ 42 ಲಕ್ಷದಲ್ಲಿ ಬಿಡಿ ಬೇಳೆ, ಜೋಳ, ಅಕ್ಕಿಯೇ 24 ಲಕ್ಷ. ಉಳಿದ 18 ಲಕ್ಷಕ್ಕೆ ಶೇ 1 ಅಂದರೆ ವರ್ಷಕ್ಕೆ 18,000, ಮೂರು ತಿಂಗಳಿಗೆ 4,500. ಮೂರು ತಿಂಗಳು ಮುಗಿದ ಮುಂದಿನ ತಿಂಗಳ 18ರೊಳಗೆ ಸಿಎಂಪಿ-08 ಅನ್ನುವ ನಮೂನೆಯಲ್ಲಿ ಕಟ್ಟಬೇಕು. ಇದನ್ನು ಗಿರಾಕಿಯಿಂದ ತೆರಿಗೆ ಅಂತ ವಸೂಲಿ ಮಾಡುವಂತಿಲ್ಲ, ಕೈಯಿಂದಲೇ ಹೋಗುತ್ತದೆ. ಖರೀದಿಯ ಮೇಲೆ ಕಟ್ಟಿದ ತೆರಿಗೆಯೂ ವಾಪಸ್ ಸಿಗುವುದಿಲ್ಲ. ಬೇರೆ ರಾಜ್ಯಕ್ಕೆ ಸರಕು ಮಾರುವಂತಿಲ್ಲ. ನಾವು ಗಡಿ ಜಿಲ್ಲೆಯವರು, ಈ ಕೊನೆಯ ಮಾತು ನೆನಪಿರಲಿ. ಸೋಲಾಪುರದ ಅಂಗಡಿಗೆ ಮಾಲು ಕಳಿಸುವವರಿಗೆ ಈ ಪದ್ಧತಿ ಆಗುವುದಿಲ್ಲ.

ಆದಾಯ ತೆರಿಗೆ

ಇಲ್ಲಿ ಕಾಕಾನ ಭಯಕ್ಕೆ ಕಾರಣವೇ ಇರಲಿಲ್ಲ. 1961ರ ಕಾಯ್ದೆಯ 44ಎಡಿ ಕಲಂ ಪ್ರಕಾರ ವಹಿವಾಟು 2 ಕೋಟಿವರೆಗಿನ ಸಣ್ಣ ವ್ಯಾಪಾರಿ ಲಾಭವನ್ನು ಅಂದಾಜಿನಲ್ಲಿ ತೋರಿಸಬಹುದು. ನಗದು ಜಮೆ ವಹಿವಾಟಿನ ಶೇ 5ರ ಒಳಗಿದ್ದರೆ 3 ಕೋಟಿವರೆಗೆ. ಬ್ಯಾಂಕ್, ಯುಪಿಐ ಮೂಲಕ ಬಂದ ಮಾರಾಟಕ್ಕೆ ಶೇ 6, ನಗದಿಗೆ ಶೇ 8. ಕಾಕಾನಿಗೆ 25 ಲಕ್ಷಕ್ಕೆ 1,50,000, 17 ಲಕ್ಷಕ್ಕೆ 1,36,000, ಒಟ್ಟು 2,86,000. 2025-26ರಲ್ಲಿ ಹೊಸ ತೆರಿಗೆ ಪದ್ಧತಿಯಲ್ಲಿ 4 ಲಕ್ಷದವರೆಗೆ ತೆರಿಗೆಯೇ ಇಲ್ಲ. ಫೋನಿನಲ್ಲಿ ಹಣ ತೆಗೆದುಕೊಂಡರೆ ತೆರಿಗೆ ಜಾಸ್ತಿ ಅನ್ನುವವರಿಗೆ ಈ 6 ಮತ್ತು 8 ತೋರಿಸಿ. 2026ರ ಏಪ್ರಿಲ್ 1ರಿಂದ 2025ರ ಹೊಸ ಕಾಯ್ದೆ. ಅಲ್ಲಿ ಕಲಂ ನಂಬರುಗಳು ಬೇರೆ, ಇಲ್ಲಿ ಬರೆದಿರುವುದೆಲ್ಲ 1961ರ ಕಾಯ್ದೆಯ ನಂಬರು.

ಒಂದು ತಪ್ಪು ತಿಳಿವಳಿಕೆ: ಶೇ 8 ತೋರಿಸಿದರೆ ಮುಗಿಯಿತು ಅಂತ. ಅದು ಕನಿಷ್ಠ. ನಿಜವಾದ ಲಾಭ ಅದಕ್ಕಿಂತ ಜಾಸ್ತಿ ಇದ್ದರೆ ಜಾಸ್ತಿಯೇ ತೋರಿಸಬೇಕು.

ಗಂಜಿನಲ್ಲಿ, ಅಂದರೆ ಧಾನ್ಯದ ಸಗಟು ಮಾರುಕಟ್ಟೆಯಲ್ಲಿ, ಕಮಿಷನ್ ಮೇಲೆ ರೈತರ ಮಾಲು ಮಾರಿಸಿಕೊಡುವ ಅಡತ್ ಅಂಗಡಿಯವರಿಗೆ 44ಎಡಿ ಸಿಗುವುದಿಲ್ಲ. ಕಮಿಷನ್, ದಲಾಲಿ ಆದಾಯವನ್ನು ಕಾನೂನು ಅದರಿಂದ ಹೊರಗಿಟ್ಟಿದೆ. ನಮ್ಮೂರಲ್ಲಿ ಇದು ದೊಡ್ಡ ಮಾತು. ತೊಗರಿ ಸುಗ್ಗಿಯಲ್ಲಿ ಅಡತಿಯವರ ಖಾತೆಯಲ್ಲಿ ಲಕ್ಷಗಟ್ಟಲೆ ಬಂದು ಹೋಗುತ್ತದೆ, ಆದರೆ ಅದು ರೈತರ ಮಾಲಿನ ಹಣ. ಅವರದ್ದು ಕಮಿಷನ್ ಮಾತ್ರ. ಆದ್ದರಿಂದ ಯಾವ ರೈತನ ಮಾಲು, ಎಷ್ಟು ತೂಕ, ಯಾವ ದರ, ಅವನಿಗೆ ಎಷ್ಟು ಕೊಟ್ಟದ್ದು ಅಂತ ಪಟ್ಟಿ ಸಮೇತ ಪುಸ್ತಕ ಇಡಲೇಬೇಕು. ಬಂದ ರೊಕ್ಕವೆಲ್ಲ ವ್ಯಾಪಾರವಲ್ಲ ಅನ್ನುವುದು ಗಂಜಿನಲ್ಲಿ ನಿಂತರೆ ಇನ್ನೂ ಚೆನ್ನಾಗಿ ಕಾಣುತ್ತದೆ.

ಸರಕು ಗಾಡಿ ಓಡಿಸುವವರಿಗೆ 44ಎಇ. ಸಣ್ಣ ಗಾಡಿಗೆ ತಿಂಗಳಿಗೆ 7,500 ರೂಪಾಯಿ ಆದಾಯ ಅಂತ ಹಿಡಿಯುತ್ತಾರೆ, ಗಾಡಿ ಮನೆ ಮುಂದೆ ನಿಂತಿದ್ದರೂ. ವೈದ್ಯರು, ವಕೀಲರು, ಎಂಜಿನಿಯರುಗಳಿಗೆ 44ಎಡಿಎ, ಬಂದದ್ದರಲ್ಲಿ ಅರ್ಧ ಆದಾಯ. ಪೂರ್ತಿ ಪುಸ್ತಕ ಇಟ್ಟು ಲಾಭ ತೋರಿಸುವವರು ಒಬ್ಬರಿಗೆ ಒಂದೇ ದಿನ 10,000ಕ್ಕಿಂತ ಜಾಸ್ತಿ ನಗದು ಕೊಟ್ಟರೆ ಆ ಖರ್ಚನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಮಾಡಿ ನೋಡಿ

ಒಂದು ಖಡಕ್ ರೊಟ್ಟಿ ಕೇಂದ್ರ. ರೊಟ್ಟಿಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಇಲ್ಲ, ಅದರ ಚಿಂತೆ ಬಿಡಿ. ಆರಂಭ ಶಿಲ್ಕು 700. ನಗದು ಮಾರಾಟ 3,200. ಯುಪಿಐ 4,100, ಅದರಲ್ಲಿ 1,000 ಮುಂದಿನ ವಾರದ ಮದುವೆಯ ಆರ್ಡರಿಗೆ ಮುಂಗಡ. ಒಂದು ಮೆಸ್‌ಗೆ 1,800 ಉದ್ರಿ. ಜೋಳಕ್ಕೆ ನಗದು 2,500. ನಡೆಸುವ ಅಕ್ಕ ಮನೆಗೆ ಒಯ್ದದ್ದು 500. ಮಾರಾಟ ಎಷ್ಟು, ಅಖೈರು ಶಿಲ್ಕು ಎಷ್ಟು?

ಮಾರಾಟ 8,100. ಶಿಲ್ಕು 900. ಮುಂಗಡದ 1,000 ಇನ್ನೂ ಮಾರಾಟವಲ್ಲ. ರೊಟ್ಟಿ ಕೊಡುವವರೆಗೆ ಅದು ಮದುವೆಯವರಿಗೆ ಆ ಅಕ್ಕ ಕೊಡಬೇಕಾದ ಬಾಕಿ. 9,100 ಅಂತ ಬರೆದಿದ್ದರೆ ಯುಪಿಐ ಕಾಲಂ ಅನ್ನು ಇನ್ನೊಮ್ಮೆ ಬಿಡಿಸಿ ನೋಡಿ.