ತೋಟದ ಮದ್ದು, ಅಳಿವೆಯ ಮೀನು

ನಮ್ಮ ಕೊಡಗಿನ ಕಾಫಿ ತೋಟಗಳ ನೀರು ಸೇರುವ ಬಾರಾಪೊಳೆ ಬ್ರಹ್ಮಗಿರಿ ಕಡೆಯಿಂದ ಇಳಿದು ಇರಿಟ್ಟಿಯಲ್ಲಿ ವಳಪಟ್ಟಣಂ ನದಿಗೆ ಸೇರಿ, ಕಣ್ಣೂರಿನ ಪಕ್ಕ ಅರಬ್ಬಿ ಸಮುದ್ರ ಮುಟ್ಟುತ್ತದೆ. ಪಯಸ್ವಿನಿ ಸುಳ್ಯ ದಾಟಿ ಚಂದ್ರಗಿರಿಯಾಗಿ ಕಾಸರಗೋಡಿನ ಅಳಿವೆಗೆ ಹೋಗುತ್ತದೆ. ನಮ್ಮ ಸಂತೆಗೆ ಬರುವ ಮತ್ತಿ, ಬಂಗುಡೆಯೂ ಅದೇ ಕರಾವಳಿಯವು. ತೋಟಕ್ಕೆ ಹೊಡೆದ ಮದ್ದು ಈ ಹೊಳೆಗಳ ಜೊತೆ ಇಳಿಯುವುದೂ ಅಲ್ಲಿಗೇ.

ಮೀನು ಸತ್ತು ತೇಲಿದರೆ ನೀರಿಗೆ ವಿಷ ಬಿದ್ದಿದೆಯೆಂದು ಯಾರಿಗಾದರೂ ತಿಳಿಯುತ್ತದೆ. ಹಾರ್ಮೋನು ಕೆಡಿಸುವ ರಾಸಾಯನಿಕ ಹಾಗಲ್ಲ. ಮೀನು ಮೇಯುತ್ತದೆ, ಬೆಳೆಯುತ್ತದೆ, ಸಂತಾನ ಮಾತ್ರ ನಿಲ್ಲುತ್ತದೆ. ಹೆಣ್ಣಿನ ಅಂಡಾಶಯ ಈಸ್ಟ್ರೊಜೆನ್ ಎಂಬ ಹೆಣ್ಣು ಹಾರ್ಮೋನು ಬಿಟ್ಟಾಗ ಯಕೃತ್ತು ವಿಟೆಲೊಜೆನಿನ್ ಎಂಬ ಪ್ರೋಟೀನು ತಯಾರಿಸುತ್ತದೆ. ಮೊಟ್ಟೆಯ ಹಳದಿ ಆಗುವುದು ಅದರಿಂದಲೇ. ಗಂಡಿನ ಯಕೃತ್ತಿಗೂ ಅದನ್ನು ಮಾಡಲು ಬರುತ್ತದೆ. ಮಾಡು ಎಂದು ಹೇಳುವ ಹಾರ್ಮೋನು ಸಾಕಷ್ಟು ಇರುವುದಿಲ್ಲ, ಅಷ್ಟೇ. ನೀರಿನಲ್ಲಿ ಈಸ್ಟ್ರೊಜೆನ್ ಅಥವಾ ಅದರಂತೆ ವರ್ತಿಸುವ ವಸ್ತು ಇದ್ದರೆ ಗಂಡಿನ ರಕ್ತದಲ್ಲೂ ಈ ಪ್ರೋಟೀನು ತುಂಬುತ್ತದೆ. ಇಂಥ ಕೆಲವು ಗಂಡುಗಳ ವೃಷಣದ ತೆಳು ಸೀಳನ್ನು ಸೂಕ್ಷ್ಮದರ್ಶಕದಲ್ಲಿಟ್ಟರೆ ವೀರ್ಯಕೋಶಗಳ ನಡುವೆ ದುಂಡಗಿನ ಮೊಟ್ಟೆಕೋಶಗಳು ಕಾಣುತ್ತವೆ. ಬ್ರಿಟನ್ನಿನ ಟೈನ್, ಮರ್ಸಿ ಅಳಿವೆಗಳ ಗಂಡು ಫ್ಲೌಂಡರ್ ಮೀನುಗಳ ರಕ್ತದಲ್ಲಿ 1990ರ ದಶಕದಲ್ಲೇ ವಿಟೆಲೊಜೆನಿನ್ ಸಿಕ್ಕಿತ್ತು.

ಎಷ್ಟು ಸಾಕು? ಕೆನಡಾದ ಒಂದು ಕೆರೆಗೆ 2001ರಿಂದ 2003ರವರೆಗೆ ಗರ್ಭನಿರೋಧಕ ಮಾತ್ರೆಯ ಈಸ್ಟ್ರೊಜೆನ್ ಬೆರೆಸಿ ನೋಡಿದರು. ಪ್ರಮಾಣ ಲೀಟರಿಗೆ 5ರಿಂದ 6 ನ್ಯಾನೊಗ್ರಾಂ, ಅಂದರೆ ಸುಮಾರು 20 ಕೋಟಿ ಲೀಟರ್ ನೀರಿಗೆ 1 ಗ್ರಾಂ. ಅಲ್ಲಿನ ಸಣ್ಣ ಮಿನ್ನೊ ಮೀನಿನ ಸಂತತಿ ಬಹುತೇಕ ಅಳಿದೇಹೋಯಿತು.

ಕಾಫಿಯ ಎಲೆ ತುಕ್ಕು ರೋಗಕ್ಕೆ ಹೊಡೆಯುವ ಹೆಕ್ಸಕೊನಜೋಲ್, ಪ್ರೊಪಿಕೊನಜೋಲ್ ಮದ್ದುಗಳು ಅಷ್ಟು ತೀಕ್ಷ್ಣವಲ್ಲ, ಕೆಲಸ ಮಾಡುವ ದಾರಿಯೂ ಬೇರೆ. ಶಿಲೀಂಧ್ರದ ಒಂದು ಕಿಣ್ವವನ್ನು ತಡೆಯಲೆಂದೇ ಇವನ್ನು ಮಾಡಿದ್ದು. ಅದೇ ಬಳಗದ ಅರೊಮಟೇಸ್ ಕಿಣ್ವ ಮೀನಿನ ಅಂಡಾಶಯದಲ್ಲಿ ಟೆಸ್ಟೊಸ್ಟಿರಾನನ್ನು ಈಸ್ಟ್ರೊಜೆನ್ ಆಗಿಸುತ್ತದೆ. ಈ ಮದ್ದುಗಳು ಅದನ್ನೂ ತಡೆಯಬಲ್ಲವು. ಪ್ರಯೋಗಾಲಯದಲ್ಲಿ ಪ್ರೊಪಿಕೊನಜೋಲ್ ನೀರಿನಲ್ಲಿಟ್ಟ ಹೆಣ್ಣು ಮೀನುಗಳಲ್ಲಿ ಈಸ್ಟ್ರೊಜೆನ್ ಇಳಿದು ಮೊಟ್ಟೆಯೂ ಕಡಿಮೆಯಾಗಿತ್ತು. ಸಮುದ್ರ ಸೇರುವಷ್ಟರಲ್ಲಿ ಮದ್ದು ತೆಳುವಾಗುತ್ತದೆ, ನಿಜ. ಆದರೆ ಒಂದು ತೋಟದ್ದಲ್ಲ, ಇಡೀ ಕಣಿವೆಯದ್ದು ಮುಂಗಾರಿನ ಮೊದಲ ವಾರಗಳಲ್ಲಿ ಮಣ್ಣಿನ ಜೊತೆ ಒಟ್ಟಿಗೆ ಇಳಿಯುತ್ತದೆ. ಮತ್ತಿ ಮೊಟ್ಟೆಯಿಡುವ ಕಾಲವೂ ಅದೇ. ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ನಿಲ್ಲಿಸುವುದಕ್ಕೆ ಇದೂ ಒಂದು ಕಾರಣ. ಬಲೆ ಎತ್ತಿಟ್ಟ ಆ ಎರಡು ತಿಂಗಳಲ್ಲಿ ನಾವು ಮೇಲಿಂದ ಮದ್ದು ಕಳಿಸಬಾರದು.

ದೊಡ್ಡ ತಪ್ಪು ಆಗುವುದು ಡಬ್ಬ ತೊಳೆಯುವ ಜಾಗದಲ್ಲಿ. 5 ಶೇಕಡಾ ದ್ರಾವಣದ ಡಬ್ಬದ ಗೋಡೆಗೆ 10 ಮಿ.ಲೀ. ಅಂಟಿದ್ದರೂ ಅದರಲ್ಲಿ ಅರ್ಧ ಗ್ರಾಂ ಮದ್ದಿರುತ್ತದೆ. ತೋಡಿನಲ್ಲಿ ಅದ್ದಿ ತೊಳೆದರೆ ಅಷ್ಟೂ ನೇರ ಹೊಳೆಗೆ. ಡಬ್ಬ ಖಾಲಿಯಾದ ಕೂಡಲೇ ಕಾಲು ಭಾಗ ನೀರು ಹಾಕಿ, ಮುಚ್ಚಳ ಬಿಗಿದು ಅರ್ಧ ನಿಮಿಷ ಕುಲುಕಿ, ಸ್ಪ್ರೇ ಬ್ಯಾರಲ್‌ಗೇ ಸುರಿಯಿರಿ. ಹೀಗೆ ಮೂರು ಸಲ. ಸಂಜೆಗೆಂದು ಬಿಟ್ಟರೆ ಒಣಗಿ ಅಂಟಿದ್ದು ಬಿಡುವುದಿಲ್ಲ. ಆಮೇಲೆ ಬುಡಕ್ಕೆ ತೂತು ಹೊಡೆಯಿರಿ, ಕೂಲಿಯವರ ಲೈನ್ ಮನೆಯಲ್ಲಿ ನೀರು ತುಂಬಲು ಯಾರೂ ಒಯ್ಯದಂತೆ. ಬ್ಯಾರಲ್ ತೊಳೆದ ನೀರನ್ನು ಗಿಡಗಳಿಗೇ ಹೊಡೆದು ಮುಗಿಸಿ. ತೋಡಿನ ಅಂಚಿನ ಸಾಲು ಬಿಟ್ಟು ಹೊಡೆಯಿರಿ. ಅಲ್ಲಿನ ಹುಲ್ಲು ಹೆರೆಯಬೇಡಿ, ಇಳಿದು ಬರುವ ಮಣ್ಣನ್ನು ತಡೆಯುವುದು ಅದೇ. ಮೋಡ ಕಟ್ಟಿದ್ದರೆ ಆ ದಿನ ಮದ್ದು ಬೇಡ. ಎಲೆಯಲ್ಲಿ ಒಣಗುವ ಮೊದಲು ಮಳೆ ಬಿದ್ದರೆ ರೋಗವೂ ಹೋಗದು.

ಹೋಮ್‌ಸ್ಟೇಯವರು ಶೌಚದ ಗುಂಡಿಯ ಹೊರಪೈಪ್ ತೋಡಿಗೆ ಬಿಟ್ಟಿದ್ದರೆ ಇದೇ ಬೇಸಿಗೆಯಲ್ಲಿ ಇಂಗುಗುಂಡಿಗೆ ತಿರುಗಿಸಲಿ. ಮಾತ್ರೆಯ ಈಸ್ಟ್ರೊಜೆನ್ ಹೊಳೆಗಿಳಿಯುವುದು ಆ ದಾರಿಯಲ್ಲೇ.