ಜೆಟಿಎಸ್ ಆನ್ ಇದೆ, ಟ್ರಾನ್ಸಾಕ್ಷನ್ ಮಾತ್ರ ದಾಟುತ್ತಿಲ್ಲ. ಏಕೆ?

ಪ್ರಶ್ನೆ: ಎರಡು ವೈಲ್ಡ್‌ಫ್ಲೈ (ಜಾವಾ ಅಪ್ಲಿಕೇಷನ್) ಸರ್ವರ್‌ಗಳಲ್ಲೂ ಜೆಟಿಎಸ್, ಅಂದರೆ ಒಂದೇ ಟ್ರಾನ್ಸಾಕ್ಷನ್ ಹಲವು ಸರ್ವರ್‌ಗಳಿಗೆ ಹರಡಲು ಬಿಡುವ ಜಾವಾ ಸೇವೆ, ಆನ್ ಮಾಡಿದ್ದೇನೆ. ಆದರೂ ಐಐಒಪಿ (ದೂರದ ಸರ್ವರ್‌ಗೆ ಕರೆ ಒಯ್ಯುವ ಕೋರ್ಬಾ ಪ್ರೋಟೊಕಾಲ್) ಕರೆಯ ಜೊತೆ ಟ್ರಾನ್ಸಾಕ್ಷನ್ ಇನ್ನೊಂದು ಸರ್ವರ್‌ಗೆ ಹೋಗುತ್ತಿಲ್ಲ. ಎಲ್ಲಿ ತಪ್ಪಿದೆ?

ಉತ್ತರ: ಸ್ವಿಚ್ ಒಂದಲ್ಲ, ಎರಡು. ನೀವು ಒತ್ತಿದ್ದು ಟ್ರಾನ್ಸಾಕ್ಷನ್ಸ್ ಸಬ್‌ಸಿಸ್ಟಮ್‌ನದು. ಅದು ಮ್ಯಾನೇಜರನ್ನು ಜೆಟಿಎಸ್‌ಗೆ ಬದಲಿಸುತ್ತದೆ, ಅಷ್ಟೇ. ಟ್ರಾನ್ಸಾಕ್ಷನ್ ಸಂದರ್ಭವನ್ನು ಪ್ರತಿ ಕರೆಗೂ ಅಂಟಿಸಿ ಕಳಿಸುವುದು ಓಆರ್‌ಬಿಯ (ಕೋರ್ಬಾ ಕರೆಗಳನ್ನು ಸಾಗಿಸುವ ಭಾಗದ) ಇಂಟರ್‌ಸೆಪ್ಟರ್, ಅಂದರೆ ಕರೆಯ ದಾರಿಯಲ್ಲಿ ಕೂತ ಕೋಡ್. ಐಐಒಪಿ ಸಬ್‌ಸಿಸ್ಟಮ್‌ನ ಇನಿಷಿಯಲೈಸರ್‌ಗಳಲ್ಲಿ 'ಟ್ರಾನ್ಸಾಕ್ಷನ್ಸ್' ಎಂಬ ಮೌಲ್ಯ ನೋಡಿ: ಸ್ಟ್ಯಾಂಡಲೋನ್-ಫುಲ್ ಕಾನ್ಫಿಗರೇಷನ್‌ನಲ್ಲಿ ಅದು 'ಸ್ಪೆಕ್' ಎಂದಿರುತ್ತದೆ. ಹೆಸರು ಭರವಸೆ ಹುಟ್ಟಿಸುವಂತಿದೆ, ಆದರೆ ಸ್ಪೆಕ್ ಇದ್ದಾಗ ಹೋಗುವುದು ಖಾಲಿ ಸಂದರ್ಭ. ಎರಡೂ ಸರ್ವರ್‌ಗಳಲ್ಲಿ ಅದನ್ನು 'ಫುಲ್' ಮಾಡಿ, ರೀಲೋಡ್ ಮಾಡಿ.

ಇಷ್ಟಾದರೂ ಕನೆಕ್ಷನ್ ಸಿಗದಿದ್ದರೆ ವಿಳಾಸ ನೋಡಿ. ಐಐಒಪಿ ಪೋರ್ಟ್ 3528 ಕೂರುವುದು 'ಅನ್‌ಸೆಕ್ಯೂರ್' ಇಂಟರ್‌ಫೇಸ್ ಮೇಲೆ, ಅದರ ಡೀಫಾಲ್ಟ್ 127.0.0.1. ಸರ್ವರ್ ಶುರು ಮಾಡುವಾಗ ಮೈನಸ್ ಬಿ (-b) ಕೊಟ್ಟರೆ ಬದಲಾಗುವುದು 'ಪಬ್ಲಿಕ್' ಮಾತ್ರ, ಇದಲ್ಲ. ಓಆರ್‌ಬಿ ಹಂಚುವ ವಿಳಾಸಚೀಟಿಯಾದ ಐಒಆರ್‌ನೊಳಗೆ ಹೋಸ್ಟ್ ಮತ್ತು ಪೋರ್ಟ್ ಎರಡೂ ಅಡಕವಾಗಿರುತ್ತವೆ. ಅಲ್ಲಿ 127.0.0.1 ಇದ್ದರೆ, ಎದುರಿನ ಯಂತ್ರ ತನ್ನನ್ನೇ ಕರೆದುಕೊಂಡು ಸೋಲುತ್ತದೆ. ಆದ್ದರಿಂದ 'ಅನ್‌ಸೆಕ್ಯೂರ್'ಗೆ ಇನ್ನೊಂದು ಸರ್ವರ್ ತಲುಪಬಲ್ಲ ನಿಜವಾದ ಐಪಿ ಕೊಡಿ. ಪೋರ್ಟ್ ಆಫ್‌ಸೆಟ್ (ಪೋರ್ಟ್ ಸಂಖ್ಯೆಗಳಿಗೆ ಕೂಡಿಸುವ ಮೊತ್ತ) 100 ಇಟ್ಟಿದ್ದರೆ 3628 ಅನ್ನು ಫೈರ್‌ವಾಲ್‌ನಲ್ಲಿ ತೆರೆಯಬೇಕು.

ಈ ವಿಳಾಸವನ್ನು ಆಗಾಗ ಬದಲಿಸಬೇಡಿ. ಎರಡು ಹಂತದ ಕಮಿಟ್ (ಮೊದಲು ಎಲ್ಲರ ಒಪ್ಪಿಗೆ, ಆಮೇಲೆ ಅಂತಿಮ ದಾಖಲೆ) ನಡುವೆ ಸರ್ವರ್ ಬಿದ್ದರೆ, ರಿಕವರಿ ಪ್ರಕ್ರಿಯೆಯು ಲಾಗ್‌ನಲ್ಲಿ ಉಳಿದ ಐಒಆರ್ ಹಿಡಿದೇ ಪಾಲುದಾರರನ್ನು ಹುಡುಕುತ್ತದೆ. ಹೊಸ ಪೋರ್ಟ್‌ನಲ್ಲಿ ಎದ್ದ ಸರ್ವರ್ ಅದಕ್ಕೆ ಸಿಗುವುದಿಲ್ಲ, ಟ್ರಾನ್ಸಾಕ್ಷನ್ ನೇತಾಡುತ್ತಲೇ ಇರುತ್ತದೆ. ಕಂಟೇನರ್‌ಗಳಲ್ಲಿ ಹೆಚ್ಚು ಕಾಡುವುದು ಇದೇ.

ಟ್ರಾನ್ಸಾಕ್ಷನ್‌ಗಳಲ್ಲಿ ಸರ್ವರನ್ನು ಗುರುತಿಸುವ ಹೆಸರಾದ ನೋಡ್ ಐಡೆಂಟಿಫೈಯರ್‌ನ ಡೀಫಾಲ್ಟ್ 1. ಪ್ರತಿ ಸರ್ವರ್‌ಗೂ ಬೇರೆ ಹೆಸರು ಕೊಡಿ, 23 ಬೈಟ್ ಮೀರಬಾರದು. ಎರಡು ಸರ್ವರ್‌ಗಳು ಒಂದೇ ಡೇಟಾಬೇಸ್ ಬಳಸುತ್ತ ಒಂದೇ ಹೆಸರು ಹೊತ್ತಿದ್ದರೆ, ಒಂದರ ರಿಕವರಿ ಇನ್ನೊಂದರ ಬಾಕಿ ಟ್ರಾನ್ಸಾಕ್ಷನ್ ಅನ್ನು ತನ್ನದೆಂದು ತಿಳಿದು ರೋಲ್‌ಬ್ಯಾಕ್ (ರದ್ದು) ಮಾಡಬಹುದು.

ಅಂದಹಾಗೆ, ಎರಡೂ ಕಡೆ ವೈಲ್ಡ್‌ಫ್ಲೈಯೇ ಇದ್ದರೆ ಜೆಟಿಎಸ್ ನಿಜಕ್ಕೂ ಬೇಕೇ? ವೈಲ್ಡ್‌ಫ್ಲೈನ ಸ್ವಂತ ಇಜೆಬಿ ರಿಮೋಟಿಂಗ್ (ಇಜೆಬಿ ಎಂಬ ಜಾವಾ ಘಟಕಗಳನ್ನು ದೂರದಿಂದ ಕರೆಯುವ ವಿಧಾನ) ಓಆರ್‌ಬಿ ಇಲ್ಲದೆಯೇ ಟ್ರಾನ್ಸಾಕ್ಷನ್ ಸಾಗಿಸುತ್ತದೆ. ಕೋರ್ಬಾ ಮಾತಾಡುವ ಹಳೆಯ ವ್ಯವಸ್ಥೆ ಎದುರಿಗಿದ್ದರೆ ಮಾತ್ರ ಈ ಪಾಡು.